ಅಣುಕೇಂದ್ರದ ಅಂಗಳದಲ್ಲಿ ಗಾಳಿಯಂತ್ರ: ಡೆನ್ಮಾರ್ಕ್‌ನ ರಿಸೊ ಪ್ರಕರಣ

ಡೆನ್ಮಾರ್ಕ್‌ನ ರೋಸ್ಕಿಲ್ಡ ಪಟ್ಟಣದ ಹತ್ತಿರ, ಒಳನಾಡಿಗೆ ಚಾಚಿಕೊಂಡ ಕಡಲ ತೋಳಿನ ದಡದಲ್ಲಿ ರಿಸೊ ಎಂಬ ಜಾಗವಿದೆ. 1958ರಲ್ಲಿ ಅಲ್ಲಿ ದೇಶದ ಅಣುಶಕ್ತಿ ಸಂಶೋಧನಾ ಕೇಂದ್ರ ಶುರುವಾಯಿತು. ಭೌತವಿಜ್ಞಾನಿ ನೀಲ್ಸ್ ಬೋರ್ ಅದರ ಬೆನ್ನಿಗೆ ನಿಂತಿದ್ದರು. ರಿಯಾಕ್ಟರ್ ಇರುವ ಕಡೆ ಗಾಳಿಯ ಲೆಕ್ಕ ಸರಿಯಾಗಿ ಗೊತ್ತಿರಬೇಕು. ಏನಾದರೂ ಸೋರಿದರೆ ಅದು ಯಾವ ದಿಕ್ಕಿಗೆ, ಎಷ್ಟು ದೂರ ಹರಡುತ್ತದೆ ಅಂತ ಹೇಳಬೇಕಲ್ವಾ? ಅದಕ್ಕಾಗಿ 120 ಮೀಟರ್‌ನಷ್ಟು ಎತ್ತರದ ಒಂದು ಕಂಬ ನಿಲ್ಲಿಸಿ, ಅದರ ಉದ್ದಕ್ಕೂ ಗಾಳಿಮಾಪಕಗಳನ್ನು ಕಟ್ಟಿದರು.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಅಂಗಳಕ್ಕೆ ಗಾಳಿಯಿಂದ ಕರೆಂಟ್ ತೆಗೆಯುವ ಯಂತ್ರಗಳು ಪರೀಕ್ಷೆಗೆ ಬರತೊಡಗಿದವು. ತಂದವರು ಬಡಗಿಗಳು, ಕಮ್ಮಾರರು, ಕೃಷಿ ಸಲಕರಣೆ ಮಾಡುವ ಸಣ್ಣ ಕಾರ್ಖಾನೆಯವರು.

ವಿಜ್ಞಾನವನ್ನೂ ಉದ್ಯಮವನ್ನೂ ಜೋಡಿಸುವ ರಾಷ್ಟ್ರೀಯ ಕೇಂದ್ರಗಳ ಮಾತು ಬಂದಾಗ ಕಟ್ಟಡ, ಅನುದಾನ, ಒಪ್ಪಂದಗಳ ಲೆಕ್ಕವೇ ಜಾಸ್ತಿ ಕೇಳಿಸುತ್ತದೆ. ಇಂಥ ಒಂದು ಕೇಂದ್ರವನ್ನು ಅರ್ಥ ಮಾಡಿಕೊಳ್ಳಲು ನಾನು ಕೇಳುವ ಪ್ರಶ್ನೆ ಎರಡೇ. ಯಂತ್ರ ಮುರಿದಾಗ ಅದರ ಸುದ್ದಿ ಯಾರ ಮೇಜಿಗೆ ಬರುತ್ತದೆ? ಅಲ್ಲಿಂದ ಅದು ಯಾರಿಗೆ ತಲುಪುತ್ತದೆ? 1978ರಿಂದ ಹತ್ತು ಹನ್ನೆರಡು ವರ್ಷ ರಿಸೊದಲ್ಲಿ ಈ ಎರಡಕ್ಕೂ ಸ್ಪಷ್ಟ ಉತ್ತರವಿತ್ತು. ಡೆನ್ಮಾರ್ಕ್‌ನ ಗಾಳಿ ಉದ್ಯಮ ನಿಂತದ್ದು ಅದರ ಮೇಲೆ ಅಂತ ನನಗೆ ಅನ್ನಿಸುತ್ತದೆ.

ಮೊದಲೇ ಇದ್ದ ಯಂತ್ರ

ಈ ಕಥೆಗೆ ಹಳೆಯ ಬೇರು ಇದೆ. 1891ರಲ್ಲಿ ಅಸ್ಕೋ ಎಂಬ ಹಳ್ಳಿಯ ಜನಶಾಲೆಯಲ್ಲಿ ಪಾಠ ಹೇಳುತ್ತಿದ್ದ ಪೌಲ್ ಲಾ ಕೂರ್ ಗಾಳಿಗಿರಣಿಗೆ ಡೈನಮೋ ಜೋಡಿಸಿ ಕರೆಂಟ್ ತೆಗೆದರು. ಹಳ್ಳಿಗಳಿಗೆ ಬೇಕಾದ ಎಲೆಕ್ಟ್ರಿಷಿಯನ್‌ಗಳನ್ನೂ ಅಲ್ಲೇ ತರಬೇತಿ ಕೊಟ್ಟು ತಯಾರು ಮಾಡಿದರು. ಆ ಹುಡುಗರಲ್ಲಿ ಒಬ್ಬರು ಯೋಹಾನ್ಸ್ ಯೂಲ್.

ಯೂಲ್ ಮುಂದೆ ವಿದ್ಯುತ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆದರು. 1957ರಲ್ಲಿ ದೇಶದ ದಕ್ಷಿಣ ತುದಿಯ ಗೆಡ್ಸರ್‌ನಲ್ಲಿ 200 ಕಿಲೋವ್ಯಾಟ್‌ನ ಒಂದು ಯಂತ್ರ ನಿಲ್ಲಿಸಿದರು. ಮೂರು ರೆಕ್ಕೆ, ತಿರುಗುವ ಚಕ್ರದ ಅಗಲ 24 ಮೀಟರ್. ರೆಕ್ಕೆಗಳು ಕಂಬದ ಮುಂದೆ, ಗಾಳಿಗೆ ಎದುರಾಗಿ ತಿರುಗುತ್ತಿದ್ದವು. ಗಾಳಿ ಅತಿಯಾದಾಗ ಅದು ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯದೆ ಬಿಟ್ಟುಹೋಗುತ್ತಿತ್ತು. ಆಗ ತಳ್ಳುವ ಬಲ ತಾನಾಗಿ ಕಡಿಮೆಯಾಗುತ್ತಿತ್ತು. ರೆಕ್ಕೆಯ ತುದಿಯ ಭಾಗ ಮಾತ್ರ ಪ್ರತ್ಯೇಕವಾಗಿ ತಿರುಗುವಂತಿತ್ತು. ವೇಗ ಮೀರಿದರೆ ಅದು ಗಾಳಿಗೆ ಅಡ್ಡವಾಗಿ ನಿಂತು ಬ್ರೇಕ್ ಹಾಕುತ್ತಿತ್ತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೆಡ್ಸರ್ ಯಂತ್ರ 1967ರವರೆಗೆ ಓಡಿತು. ಆಮೇಲೆ ನಿಲ್ಲಿಸಿದರು. ಆಗ ಪೆಟ್ರೋಲಿಯಂ ಎಣ್ಣೆ ಅಗ್ಗವಾಗಿತ್ತು, ಗಾಳಿ ಯಾರಿಗೂ ಬೇಕಿರಲಿಲ್ಲ. ಯೂಲ್ 1969ರಲ್ಲಿ ತೀರಿಕೊಂಡರು. ಅವರ ಯಂತ್ರ ಅಲ್ಲೇ ನಿಂತಿತ್ತು. ಆದರೆ ಅದು ಕಲಿಸಿದ ಪಾಠವನ್ನು ಇನ್ನೊಬ್ಬರಿಗೆ ದಾಟಿಸುವವರು ಯಾರೂ ಇರಲಿಲ್ಲ. ತಿಳಿವಳಿಕೆ ಕಳೆದುಹೋಗುವುದು ಹೀಗೇ. ಯಾರೂ ಅದನ್ನು ಅಳಿಸಬೇಕಾಗಿಲ್ಲ, ಕೇಳುವವರು ಇಲ್ಲದಿದ್ದರೆ ಸಾಕು.

1973ರಲ್ಲಿ ಎಣ್ಣೆಯ ಬಿಕ್ಕಟ್ಟು ಬಂತು. ಡೆನ್ಮಾರ್ಕ್‌ನ ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಆಮದು ಎಣ್ಣೆಯಿಂದ ಬರುತ್ತಿತ್ತು. ಆ ನವೆಂಬರ್‌ನಲ್ಲಿ ಭಾನುವಾರ ಕಾರು ಓಡಿಸುವುದನ್ನೇ ಸರ್ಕಾರ ನಿಷೇಧಿಸಿತು. ಸರ್ಕಾರ ಮತ್ತು ವಿದ್ಯುತ್ ಕಂಪನಿಗಳು ಅಣುಶಕ್ತಿಯ ಕಡೆ ನೋಡಿದವು. ಜನರಲ್ಲಿ ದೊಡ್ಡ ಗುಂಪೊಂದು ಅದು ಬೇಡ ಅಂತ ಬೀದಿಗಿಳಿಯಿತು. ಬರೀ ಬೇಡ ಅಂದರೆ ಸಾಲದು, ಬದಲಿ ಏನು ಅಂತ ತೋರಿಸಬೇಕು. ಹಾಗಾಗಿ ಕೆಲವರು ಹಿತ್ತಲಿನಲ್ಲೇ ಗಾಳಿಯಂತ್ರ ಕಟ್ಟತೊಡಗಿದರು. ಕ್ರಿಶ್ಚಿಯನ್ ರಿಸಾಗರ್ ಎಂಬ ಬಡಗಿ ಗೆಡ್ಸರ್ ಮಾದರಿಯನ್ನೇ ಚಿಕ್ಕದಾಗಿಸಿ, ಅಂಗಡಿಯಲ್ಲಿ ಸಿಗುವ ಬಿಡಿಭಾಗ ಸೇರಿಸಿ 22 ಕಿಲೋವ್ಯಾಟ್‌ನ ಯಂತ್ರ ಮಾಡಿದರು. ಅದನ್ನು ಗ್ರಿಡ್‌ಗೆ, ಅಂದರೆ ಊರೂರಿಗೆ ಕರೆಂಟ್ ಒಯ್ಯುವ ತಂತಿಜಾಲಕ್ಕೆ ಜೋಡಿಸಿದರು, ಮಾರಿದರು ಕೂಡ. ಟ್ವಿನ್ ಎಂಬಲ್ಲಿ ಶಾಲೆಯೊಂದರ ಮೇಷ್ಟ್ರುಗಳು ಮತ್ತು ಸ್ವಯಂಸೇವಕರು ಸೇರಿ 54 ಮೀಟರ್ ಅಗಲದ ಚಕ್ರವಿರುವ ದೈತ್ಯವನ್ನೇ ಕಟ್ಟಿ 1978ರಲ್ಲಿ ಚಾಲೂ ಮಾಡಿದರು.

ಇವರಿಗೆ ಧೈರ್ಯ ಬೇಕಾದಷ್ಟಿತ್ತು. ಅಳತೆ ಇರಲಿಲ್ಲ. ತನ್ನ ಯಂತ್ರ ಎಷ್ಟು ಗಾಳಿಗೆ ಎಷ್ಟು ಕರೆಂಟ್ ಕೊಡುತ್ತದೆ ಎಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಬಿರುಗಾಳಿಗೆ ಅದು ತಡೆಯುತ್ತದೆಯೇ ಎಂದಂತೂ ಮೊದಲೇ ಇಲ್ಲ.

ಸಹಿ ಯಾರದು?

1978ರಲ್ಲಿ ರಿಸೊದಲ್ಲಿ ಸಣ್ಣ ಗಾಳಿಯಂತ್ರಗಳ ಪರೀಕ್ಷಾ ಕೇಂದ್ರ ಶುರುವಾಯಿತು. ಇದ್ದವರು ಬೆರಳೆಣಿಕೆಯ ಎಂಜಿನಿಯರ್‌ಗಳು. ಮುಂದಿನ ವರ್ಷ ಸಂಸತ್ತು ಒಂದು ಕಾಯಿದೆ ತಂದಿತು. ಗಾಳಿಯಂತ್ರ ಕೊಂಡವರಿಗೆ ಬೆಲೆಯ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ಆದರೆ ಯಂತ್ರದ ಮಾದರಿಗೆ ರಿಸೊ ಒಪ್ಪಿಗೆ ಇರಬೇಕು.

ಈ ಒಂದು ಷರತ್ತು ಇಡೀ ಚಿತ್ರವನ್ನು ಬದಲಿಸಿತು. ಹಣ ಹೋದದ್ದು ಕೊಳ್ಳುವವರ ಕೈಗೆ. ತಯಾರಕರಿಗೆ ಅದು ತಲುಪಬೇಕಾದರೆ ಯಂತ್ರ ಮಾರಾಟವಾಗಬೇಕು. ಮಾರಾಟವಾಗಬೇಕಾದರೆ ರಿಸೊ ಬಾಗಿಲು ತಟ್ಟಬೇಕು. ಸಂಶೋಧನಾ ಕೇಂದ್ರ ಉದ್ಯಮವನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಉದ್ಯಮವೇ ತನ್ನ ನಕ್ಷೆ, ಲೆಕ್ಕ, ಅನುಮಾನಗಳನ್ನೆಲ್ಲ ಹೊತ್ತು ಬಂತು.

ಬಂದವರ ಹಿನ್ನೆಲೆ ನೋಡಿ. ವೆಸ್ಟಾಸ್ ಆಗ ಕ್ರೇನ್ ಮತ್ತು ಕೃಷಿ ಗಾಡಿಗಳನ್ನು ಮಾಡುತ್ತಿದ್ದ ಕಂಪನಿ, ಮೂಲದಲ್ಲಿ ಕಮ್ಮಾರರ ಮನೆತನದ್ದು. ನಾರ್ಡ್‌ಟ್ಯಾಂಕ್ ಟ್ಯಾಂಕರ್‌ಗಳನ್ನು ಮಾಡುತ್ತಿತ್ತು. ಬೋನಸ್ ಎಂಬ ಕಂಪನಿ ಹುಟ್ಟಿದ್ದು ನೀರಾವರಿ ಸಲಕರಣೆಯ ಕಾರ್ಖಾನೆಯಿಂದ. ಮುಂದೆ ಜಗತ್ತಿನ ದೊಡ್ಡ ರೆಕ್ಕೆ ತಯಾರಕರಲ್ಲಿ ಒಂದಾದ ಎಲ್‌ಎಂ ಮೊದಲಿಗೆ ಪೀಠೋಪಕರಣ ಮಾಡುತ್ತಿತ್ತು. ಬೆಸುಗೆ, ಗೇರು, ಬೇರಿಂಗ್, ಫೈಬರ್‌ಗ್ಲಾಸ್ ಇವರಿಗೆ ಕರಗತವಾಗಿತ್ತು. ವಾಯುಚಲನೆಯ ಗಣಿತ ಗೊತ್ತಿರಲಿಲ್ಲ. ರಿಸೊದವರಿಗೆ ಗಣಿತ ಗೊತ್ತಿತ್ತು. ಆದರೆ ಹತ್ತು ವರ್ಷ ಎಣ್ಣೆ ಹಾಕಿ ಓಡಿಸುವ ಯಂತ್ರದ ಮೈ ಹೇಗಿರಬೇಕು ಅನ್ನುವುದು ಗೊತ್ತಿರಲಿಲ್ಲ. ಹೆಲ್ಗೆ ಪೀಟರ್ಸನ್ ಅವರಂಥ ರಿಸೊ ಎಂಜಿನಿಯರ್‌ಗಳು ಕಷ್ಟದ ಲೆಕ್ಕಗಳನ್ನು ಕಾರ್ಖಾನೆಯವರು ಕೈಯಲ್ಲೇ ಮಾಡಬಹುದಾದ ಸರಳ ಸೂತ್ರಗಳಿಗೆ ಇಳಿಸಿದರು. ಇದು ಕಡಿಮೆ ಕೆಲಸ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಒಂದು ಸೂತ್ರವನ್ನು ಸರಿಯಾದ ಕಡೆ ಸರಳ ಮಾಡಲು ಅದರ ಆಳ ಗೊತ್ತಿರಲೇಬೇಕು.

ಒಂದು ಕಷ್ಟವೂ ಇತ್ತು. ಗಾಳಿಯಂತ್ರ ಕಟ್ಟಿದ ಬಹಳ ಜನ ಅಣುಶಕ್ತಿಯ ವಿರೋಧಿಗಳು. ಅವರೀಗ ಅಣುಕೇಂದ್ರದ ಗೇಟಿನಲ್ಲೇ ಒಪ್ಪಿಗೆಗಾಗಿ ನಿಲ್ಲಬೇಕಿತ್ತು. ಪರಸ್ಪರ ನಂಬಿಕೆ ಒಂದೇ ದಿನದಲ್ಲಿ ಬರುವಂಥದ್ದಲ್ಲ. ಅದು ಬಂದದ್ದು ಒಟ್ಟಿಗೆ ಕೂತು ಮುರಿದ ರೆಕ್ಕೆಗಳನ್ನು ನೋಡಿದ ಮೇಲೆ.

ಬಿರುಗಾಳಿಯ ರಾತ್ರಿ ಏನಾಗುತ್ತದೆ

ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕಂದರೆ ಇಡೀ ಪ್ರಕರಣದ ಜೀವ ಇಲ್ಲಿದೆ.

ಆ ಕಾಲದ ಡೇನಿಶ್ ಯಂತ್ರಗಳಲ್ಲಿ ಇದ್ದದ್ದು ಸಾಮಾನ್ಯ ಇಂಡಕ್ಷನ್ ಜನರೇಟರ್. ಕಾರ್ಖಾನೆಗಳಲ್ಲಿ ಓಡುವ ಮೋಟಾರಿನ ಜಾತಿಯದೇ. ಅದನ್ನು ಗ್ರಿಡ್‌ಗೆ ಜೋಡಿಸಿದರೆ, ಗ್ರಿಡ್‌ನ ಲಯಕ್ಕೆ ಕಟ್ಟುಬಿದ್ದು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತದೆ. ಗಾಳಿ ಎಷ್ಟೇ ತಳ್ಳಲಿ, ಗ್ರಿಡ್ ಅದನ್ನು ಹಿಡಿದುಕೊಂಡಿರುತ್ತದೆ. ಸರಳ, ಅಗ್ಗ, ಗಟ್ಟಿ.

ಆದರೆ ಬಿರುಗಾಳಿಯಲ್ಲೇ ಅಲ್ವಾ ಕರೆಂಟ್ ತಂತಿ ಹರಿಯುವುದು? ತಂತಿ ಹರಿದ ಆ ಕ್ಷಣ ಗ್ರಿಡ್‌ನ ಹಿಡಿತ ತಪ್ಪುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಅಷ್ಟು ಶಕ್ತಿ ತಡೆಯಿಲ್ಲದ ಚಕ್ರವನ್ನು ತಿರುಗಿಸತೊಡಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ವೇಗ ಏರುತ್ತದೆ. ರೆಕ್ಕೆಯನ್ನು ಹೊರಕ್ಕೆ ಸೆಳೆಯುವ ಬಲ ವೇಗದ ವರ್ಗದಷ್ಟು ಬೆಳೆಯುತ್ತದೆ. ಒಳಗಿರುವ ಡಿಸ್ಕ್ ಬ್ರೇಕ್ ಹಿಡಿದರೆ ಸರಿ. ಹಿಡಿಯದಿದ್ದರೆ, ಅಥವಾ ಗೇರ್‌ಬಾಕ್ಸ್‌ನ ಆಚೆ ಬದಿಯ ಬ್ರೇಕ್ ಗಟ್ಟಿಯಾಗಿ ಹಿಡಿದೂ ನಡುವಿನ ಗೇರು ಮುರಿದರೆ, ಚಕ್ರಕ್ಕೆ ಲಂಗುಲಗಾಮಿಲ್ಲ. ಕೊನೆಗೆ ರೆಕ್ಕೆ ಕಿತ್ತು ಹಾರುತ್ತದೆ.

1978ರ ಒಂದು ಬಿರುಗಾಳಿಯಲ್ಲಿ ಹೀಗೇ ಆಯಿತು. ಓಕೇರ್ ಎಂಬ ಸಣ್ಣ ಕಾರ್ಯಾಗಾರದ ಫೈಬರ್‌ಗ್ಲಾಸ್ ರೆಕ್ಕೆ ಹಾಕಿದ್ದ ಯಂತ್ರ ಹತೋಟಿ ತಪ್ಪಿತು. ರೆಕ್ಕೆ ಮಾಡಿದ್ದ ಎರಿಕ್ ಗ್ರೋವ್ ನೀಲ್ಸನ್ ಯಂತ್ರಕ್ಕೆ ಗಾಳಿಬ್ರೇಕ್ (ಗಾಳಿಯ ತಡೆಯಿಂದಲೇ ವೇಗ ಇಳಿಸುವ ಬ್ರೇಕ್) ಇಲ್ಲದೆ ಇನ್ನು ರೆಕ್ಕೆ ಮಾರುವುದಿಲ್ಲ ಎಂದು ನಿಂತರು. ಅದೇ ವರ್ಷ ಹುಟ್ಟಿದ್ದ ಯಂತ್ರ ಮಾಲೀಕರ ಸಂಘವೂ ಸುರಕ್ಷತೆಯ ಪಟ್ಟು ಹಿಡಿಯಿತು. ರಿಸೊ ಈ ಕೂಗನ್ನು ನಿಯಮವಾಗಿ ಬರೆಯಿತು. ಒಪ್ಪಿಗೆ ಬೇಕಿದ್ದರೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬ್ರೇಕ್ ಇರಲೇಬೇಕು. ಒಂದು ಕೈಕೊಟ್ಟರೆ ಇನ್ನೊಂದು ತಾನಾಗಿಯೇ ಕೆಲಸ ಮಾಡಬೇಕು.

ಆ ಇನ್ನೊಂದು ಯಾವುದಾಯಿತು ಗೊತ್ತಾ? ರೆಕ್ಕೆಯ ತುದಿ ತಿರುಗಿ ಗಾಳಿಗೆ ಅಡ್ಡ ನಿಲ್ಲುವ ಬ್ರೇಕ್. ಯೂಲ್ 1957ರಲ್ಲೇ ಗೆಡ್ಸರ್‌ನಲ್ಲಿ ಹಾಕಿದ್ದದ್ದು. ವೇಗ ಮೀರಿದಾಗ ಹೊರಕ್ಕೆ ಎಳೆಯುವ ಬಲವೇ ತುದಿಯನ್ನು ಬಿಡಿಸಿ ತಿರುಗಿಸುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ, ಕರೆಂಟ್ ಇರಬೇಕಿಲ್ಲ.

ಇಪ್ಪತ್ತು ವರ್ಷ ಹಳೆಯ ಪಾಠ ಮತ್ತೆ ಕೈಗೆ ಸಿಕ್ಕಿತು. ಈ ಸಲ ಅದು ಒಬ್ಬ ಮನುಷ್ಯನ ತಲೆಯಲ್ಲಿ ಉಳಿಯಲಿಲ್ಲ. ದೇಶದಲ್ಲಿ ಒಪ್ಪಿಗೆ ಪಡೆಯುವ ಪ್ರತಿಯೊಂದು ಮಾದರಿಗೂ ಅನ್ವಯಿಸುವ ಷರತ್ತಾಯಿತು. ಒಬ್ಬನ ಹೊಲದಲ್ಲಿ ರೆಕ್ಕೆ ಮುರಿದರೆ ಹತ್ತು ಕಾರ್ಖಾನೆಗಳ ನಕ್ಷೆ ಬದಲಾಗುತ್ತಿತ್ತು. ರಾಷ್ಟ್ರೀಯ ಕೇಂದ್ರ ಅಂದರೆ ನನ್ನ ಕಣ್ಣಮುಂದೆ ಬರುವುದು ಇದೇ.

ಮಾಲೀಕರ ಸಂಘಕ್ಕೂ ಇಲ್ಲಿ ಪಾಲು ಕೊಡಬೇಕು. ಅವರ ಮಾಸಪತ್ರಿಕೆಯಲ್ಲಿ ಯಾವ ಮಾದರಿ ಎಷ್ಟು ಕರೆಂಟ್ ಕೊಟ್ಟಿತು, ಎಲ್ಲಿ ಏನು ಕೆಟ್ಟಿತು ಎಂಬುದು ತಿಂಗಳು ತಿಂಗಳೂ ಅಚ್ಚಾಗುತ್ತಿತ್ತು. ಯಂತ್ರ ಕಟ್ಟುವವರು, ಕೊಂಡವರು, ಎಂಜಿನಿಯರ್‌ಗಳು ಆಗಾಗ ಸೇರುವ ಗಾಳಿಕೂಟಗಳೂ ನಡೆಯುತ್ತಿದ್ದವು. ಅಲ್ಲಿ ತಯಾರಕರು ಉತ್ತರ ಕೊಡದೆ ಜಾರಿಕೊಳ್ಳುವ ಹಾಗಿರಲಿಲ್ಲ.

ಬ್ಯಾಂಕಿನವರೂ ಓದಬಹುದಾದ ಅಂಕಿ

ಎರಡನೇ ದೊಡ್ಡ ಕೆಲಸ ಅಳತೆಯದು. ಯಂತ್ರದ ಮುಂದೆ ಸ್ವಲ್ಪ ದೂರದಲ್ಲಿ ಕಂಬ ನೆಟ್ಟು ಗಾಳಿ ಅಳೆಯಬೇಕು. ಅದೇ ಹೊತ್ತಿಗೆ ಯಂತ್ರ ಕೊಡುವ ಕರೆಂಟ್ ಅಳೆಯಬೇಕು. ಇಂಥದ್ದು ಸಾವಿರಾರು ಜೋಡಿ ಸೇರಿದಾಗ ಒಂದು ಗೆರೆ ಮೂಡುತ್ತದೆ. ಇಷ್ಟು ಗಾಳಿಗೆ ಇಷ್ಟು ಕಿಲೋವ್ಯಾಟ್. ಇದು ಯಂತ್ರದ ಜಾತಕ ಇದ್ದ ಹಾಗೆ. ಮಾರುವವನ ಬಾಯಿಮಾತಿನ ಬದಲು ರಿಸೊ ಅಳೆದ ಗೆರೆ ಕೊಳ್ಳುವವನ ಕೈಗೆ ಬಂತು.

ಇದರ ಜೊತೆಗೆ ಬೇಕಾದ್ದು ಅವನ ಹೊಲದಲ್ಲಿ ಗಾಳಿ ವರ್ಷಕ್ಕೆ ಎಷ್ಟು ಹೊತ್ತು, ಎಷ್ಟು ಬೀಸುತ್ತದೆ ಅನ್ನುವ ಲೆಕ್ಕ. ಇಲ್ಲಿಗೆ ಆ ಹಳೆಯ ಕಂಬ ಬಂತು. ವಿಕಿರಣ ಎತ್ತ ಹರಡುತ್ತದೆ ಅಂತ ನೋಡಲು ರಿಸೊದಲ್ಲಿ ಬೆಳೆದಿದ್ದ ಹವಾಮಾನ ತಂಡ, ನೆಲಕ್ಕೆ ಹತ್ತಿರದ ಗಾಳಿಯ ಸ್ವಭಾವವನ್ನು ಅಷ್ಟು ವರ್ಷದಿಂದ ಓದಿತ್ತು. ಮರಗಿಡ, ಬೇಲಿ, ಮನೆಗಳು ಗಾಳಿಯನ್ನು ಎಷ್ಟು ತಡೆಯುತ್ತವೆ, ಎತ್ತರಕ್ಕೆ ಹೋದಂತೆ ಅದು ಹೇಗೆ ಬಲಗೊಳ್ಳುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. 1981ರಲ್ಲಿ ಅವರು ಡೆನ್ಮಾರ್ಕ್‌ನ ಗಾಳಿ ನಕ್ಷೆಪುಸ್ತಕ ಹೊರತಂದರು. ಸುತ್ತಲಿನ ನೆಲ ಎಷ್ಟು ಒರಟು ಎಂದು ನೋಡಿ, ಅದು ಯಾವ ದರ್ಜೆಯದು ಅಂತ ಗುರುತಿಸಿದರೆ ಸಾಕು, ಆ ಜಾಗದ ಗಾಳಿಯ ಅಂದಾಜು ಸಿಗುತ್ತಿತ್ತು.

ಯಂತ್ರದ ಗೆರೆಯನ್ನೂ ಜಾಗದ ಗಾಳಿಯನ್ನೂ ಗುಣಿಸಿದರೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬಂತು. ಆ ಅಂಕಿ ಹಿಡಿದು ರೈತ ಬ್ಯಾಂಕಿಗೆ ಹೋಗಬಹುದಿತ್ತು. ಊರಿನವರು ಸೇರಿ ಪಾಲು ಹಾಕಿ ಸಹಕಾರಿ ಯಂತ್ರ ಕೊಳ್ಳಬಹುದಿತ್ತು. ಹಾಗೇ ಕೊಂಡರು. ಒಂದು ಕಾಲಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಗಾಳಿಯಂತ್ರದಲ್ಲಿ ಪಾಲಿತ್ತು. ವಿಜ್ಞಾನ ಉದ್ಯಮಕ್ಕೆ ತಲುಪುವುದು ಅಂದರೆ ಬರೀ ಕಾರ್ಖಾನೆಗೆ ತಲುಪುವುದು ಅಂತ ನಾವು ತಿಳಿದಿರುತ್ತೇವೆ. ಇಲ್ಲಿ ಅದು ಸಾಲ ಕೊಡುವವನ ಮೇಜಿಗೂ ತಲುಪಿತು.

1987ರಲ್ಲಿ ಇದೇ ಲೆಕ್ಕ ವಾಸ್ಪ್ ಎಂಬ ಸಾಫ್ಟ್‌ವೇರ್ ಆಯಿತು. 1989ರಲ್ಲಿ ಯುರೋಪಿನ ಗಾಳಿ ನಕ್ಷೆಪುಸ್ತಕ ಬಂತು. ಈ ನಡುವೆ 1985ರ ಮಾರ್ಚ್‌ನಲ್ಲಿ ಸಂಸತ್ತು ಅಣುವಿದ್ಯುತ್ತನ್ನೇ ದೇಶದ ಯೋಜನೆಯಿಂದ ಕೈಬಿಟ್ಟಿತ್ತು.

ದೊಡ್ಡದರಿಂದ ಶುರು ಮಾಡಿದವರು

ಅದೇ ಕಾಲದಲ್ಲಿ ಬೇರೆಯವರು ಹಿಡಿದ ದಾರಿ ಬೇರೆ. ಅಮೆರಿಕದಲ್ಲಿ ನಾಸಾ ನೇತೃತ್ವದಲ್ಲಿ 1979ಕ್ಕೇ 2 ಮೆಗಾವ್ಯಾಟ್ ಯಂತ್ರ ಎದ್ದು ನಿಂತಿತು. ಅದರ ಸದ್ದಿಗೆ ಸುತ್ತಲಿನ ಮನೆಯವರು ದೂರು ಕೊಟ್ಟರು. ಜರ್ಮನಿಯ ಗ್ರೋವಿಯಾನ್ 3 ಮೆಗಾವ್ಯಾಟ್‌ನದು, ಚಕ್ರದ ಅಗಲ 100 ಮೀಟರ್. 1983ರಲ್ಲಿ ಶುರುವಾಗಿ, ಒಟ್ಟು ಕೆಲವು ನೂರು ಗಂಟೆ ಮಾತ್ರ ಓಡಿ, 1988ರ ಹೊತ್ತಿಗೆ ನೆಲಕ್ಕಿಳಿಯಿತು. ಡೆನ್ಮಾರ್ಕ್ ಕೂಡ ನೀಬೆ ಎಂಬಲ್ಲಿ ತಲಾ 630 ಕಿಲೋವ್ಯಾಟ್‌ನ ಎರಡು ಸರ್ಕಾರಿ ಯಂತ್ರಗಳನ್ನು ಕಟ್ಟಿತ್ತು. ಮಾರುಕಟ್ಟೆ ಬೆಳೆದದ್ದು ಅವುಗಳಿಂದಲ್ಲ.

ನಾಸಾದ ಎಂಜಿನಿಯರ್‌ಗಳು ದಡ್ಡರೇನಲ್ಲ. ಗ್ರೋವಿಯಾನ್ ಕಟ್ಟಿದವರೂ ಅಲ್ಲ. ಆದರೆ ಒಂದೇ ಒಂದು ದೊಡ್ಡ ಯಂತ್ರ ಕಟ್ಟಿದರೆ ಕಲಿಯಲು ಸಿಗುವುದು ಒಂದೇ ಯಂತ್ರದ ತಪ್ಪು. ಇಪ್ಪತ್ತೆರಡು, ಮೂವತ್ತು, ಐವತ್ತೈದು ಕಿಲೋವ್ಯಾಟ್ ಅಂತ ಹತ್ತುತ್ತಾ ಹೋದ ಡೇನರಿಗೆ ನೂರಾರು ಯಂತ್ರಗಳ ತಪ್ಪುಗಳು ಸಿಕ್ಕವು. ಒಂದೊಂದೂ ಸಣ್ಣದು, ಸರಿಪಡಿಸಲು ಸಾಧ್ಯವಾದದ್ದು.

1980ರ ದಶಕದ ಮೊದಲರ್ಧದಲ್ಲಿ ಕ್ಯಾಲಿಫೋರ್ನಿಯಾ ತೆರಿಗೆ ವಿನಾಯಿತಿ ಕೊಟ್ಟಾಗ ಡೇನಿಶ್ ಯಂತ್ರಗಳು ಸಾವಿರಗಟ್ಟಲೆ ಹಡಗು ಹತ್ತಿದವು. ಅವು ಅಮೆರಿಕದ ಹಗುರ ಯಂತ್ರಗಳಿಗಿಂತ ಭಾರವಾಗಿದ್ದವು, ಜಾಸ್ತಿ ಬಾಳಿದವು. ಹಾಗಂತ ಎಲ್ಲವೂ ನೆಟ್ಟಗಿರಲಿಲ್ಲ. ಗುಡ್ಡಗಳ ಮೇಲೆ ಒತ್ತೊತ್ತಾಗಿ ನಿಲ್ಲಿಸಿದ ಯಂತ್ರಗಳು ಒಂದರ ಹಿಂದಿನ ಕಲಕಿದ ಗಾಳಿಯಲ್ಲಿ ಇನ್ನೊಂದು ನಿಂತು ದಣಿದವು, ಮುರಿದವು. 1985ರ ಕೊನೆಗೆ ವಿನಾಯಿತಿ ಮುಗಿಯಿತು. ಮರುವರ್ಷ ವೆಸ್ಟಾಸ್ ಸಾಲ ಕೊಟ್ಟವರಿಗೆ ಹಣ ತೀರಿಸಲಾಗದೆ ನಿಂತಿತು, ಆಮೇಲೆ ಹೊಸದಾಗಿ ಕಟ್ಟಿಕೊಂಡಿತು. ಕಂಪನಿಗಳು ಬಿದ್ದರೂ ರಿಸೊದಲ್ಲಿದ್ದ ಅಳತೆ, ಲೆಕ್ಕ, ನಿಯಮಗಳು ಹಾಗೇ ಉಳಿದವು. ಎದ್ದು ನಿಂತವರು ಮತ್ತೆ ಮೊದಲಿನಿಂದ ಕಲಿಯಬೇಕಾಗಲಿಲ್ಲ. ಸಾರ್ವಜನಿಕ ಹಣದ ಕೇಂದ್ರ ಯಾಕೆ ಬೇಕು ಅಂತ ಕೇಳುವವರಿಗೆ ನಾನು ತೋರಿಸುವುದು 1986ರ ಆ ವರ್ಷವನ್ನು.

ಗುರುವೂ ಅವನೇ, ಪರೀಕ್ಷಕನೂ ಅವನೇ

ಈ ವ್ಯವಸ್ಥೆಯಲ್ಲಿ ಒಂದು ತೊಡಕಿತ್ತು. ಬೆಳಿಗ್ಗೆ ಸಲಹೆ ಕೊಟ್ಟ ಎಂಜಿನಿಯರ್‌ನ ಸಂಸ್ಥೆಯೇ ಸಂಜೆ ಒಪ್ಪಿಗೆಗೆ ಸಹಿ ಹಾಕುತ್ತದೆ. ತಾನೇ ಹೇಳಿಕೊಟ್ಟ ವಿನ್ಯಾಸವನ್ನು ತಾನೇ ತಪ್ಪು ಅನ್ನಲು ಆಗುತ್ತದೆಯೇ? ಯಂತ್ರಗಳು ಸಣ್ಣವಿದ್ದಾಗ, ತಯಾರಕರೆಲ್ಲ ಎಳೆಯರಿದ್ದಾಗ ಇದು ಅಷ್ಟಾಗಿ ಕಾಡಲಿಲ್ಲ. ಕಂಪನಿಗಳು ಬೆಳೆದವು, ಅವುಗಳಿಗೆ ಸ್ವಂತ ಲ್ಯಾಬ್ ಬಂದವು, ಗುಟ್ಟುಗಳೂ ಬಂದವು. ಹೂಡಿಕೆಗೆ ಕೊಡುತ್ತಿದ್ದ ಸಹಾಯಧನ ಹಂತ ಹಂತವಾಗಿ ಇಳಿದು 1989ರಲ್ಲಿ ನಿಂತುಹೋಯಿತು. 1990ರ ದಶಕದ ಆರಂಭದಲ್ಲಿ ಒಪ್ಪಿಗೆಯ ಕೆಲಸಕ್ಕೆ ಖಾಸಗಿ ಪ್ರಮಾಣೀಕರಣ ಸಂಸ್ಥೆಗಳೂ ಬಂದವು. ರಿಸೊ ನಿಯಮಗಳ ಉಸ್ತುವಾರಿ ಮತ್ತು ಸಂಶೋಧನೆ ಉಳಿಸಿಕೊಂಡಿತು.

ಇದು ಆಗಲೇಬೇಕಿತ್ತು. ಆದರೆ ಕಳೆದುಕೊಂಡದ್ದೂ ಇದೆ. ಮುರಿದ ರೆಕ್ಕೆಯ ಸುದ್ದಿ ಎಲ್ಲರಿಗೂ ಒಟ್ಟಿಗೆ ಸಿಗುತ್ತಿದ್ದ ಆ ಕಾಲ ಮತ್ತೆ ಬರಲಿಲ್ಲ. 2004ರಲ್ಲಿ ನೆಗ್ ಮೈಕಾನ್ ಎಂಬ ಇನ್ನೊಂದು ಡೇನಿಶ್ ಗಾಳಿಯಂತ್ರ ಕಂಪನಿ ವೆಸ್ಟಾಸ್‌ನೊಳಗೆ ಸೇರಿತು, ಬೋನಸ್ ಸೀಮೆನ್ಸ್ ಪಾಲಾಯಿತು. ಹತ್ತು ಕಾರ್ಖಾನೆಗಳು ಒಂದೇ ಅಂಗಳದಲ್ಲಿ ಪಾಠ ಕಲಿಯುವ ದೃಶ್ಯಕ್ಕೆ ಹತ್ತು ಕಾರ್ಖಾನೆಗಳೇ ಉಳಿದಿರಲಿಲ್ಲ.

ಮಂಜಿನ ಗೆರೆಗಳು

ಇಷ್ಟಾದರೂ ಕೇಂದ್ರಕ್ಕೆ ಕೆಲಸ ಕಡಿಮೆಯಾಗಲಿಲ್ಲ. ಒಂದು ಯಂತ್ರದ ಹಿಂದೆ ಗಾಳಿ ಎಷ್ಟು ದುರ್ಬಲವಾಗುತ್ತದೆ ಎಂದು ಹೇಳುವ ಸರಳ ಸೂತ್ರವನ್ನು ರಿಸೊದ ನೀಲ್ಸ್ ಒಟ್ಟೊ ಜೆನ್ಸನ್ 1983ರಲ್ಲೇ ಬರೆದಿದ್ದರು. ಯಂತ್ರದ ಹಿಂದಿನ ನೆರಳು ಶಂಕುವಿನ ಹಾಗೆ ಅಗಲವಾಗುತ್ತಾ ಹೋಗುತ್ತದೆ, ಅಗಲವಾದಷ್ಟೂ ಗಾಳಿ ಚೇತರಿಸಿಕೊಳ್ಳುತ್ತದೆ ಎಂಬುದು ಅದರ ತಿರುಳು. ಕೆಲವೇ ಸಾಲಿನ ಆ ಲೆಕ್ಕವನ್ನು ಉದ್ಯಮ ಇಂದಿಗೂ ಬಳಸುತ್ತದೆ.

ಕಡಲಿಗೆ ಹೋದ ಮೇಲೆ ಅದರ ಬೆಲೆ ಇನ್ನೂ ಹೆಚ್ಚಾಯಿತು. 1991ರಲ್ಲಿ ವಿಂಡೆಬಿ ಬಳಿ 11 ಯಂತ್ರಗಳ ಮೊದಲ ಕಡಲ ಗಾಳಿ ತೋಟ ಎದ್ದಿತು. 2002ರಲ್ಲಿ ಹಾರ್ನ್ಸ್ ರೆವ್‌ನಲ್ಲಿ 2 ಮೆಗಾವ್ಯಾಟ್‌ನ 80 ಯಂತ್ರಗಳು, 560 ಮೀಟರ್ ಅಂತರದಲ್ಲಿ, ಸಾಲು ಸಾಲಾಗಿ ನಿಂತವು. ಉಪ್ಪು ಗಾಳಿಯಲ್ಲಿ ಟ್ರಾನ್ಸ್‌ಫಾರ್ಮರ್‌ಗಳು ಕೈಕೊಟ್ಟು, 2004ರಲ್ಲಿ ಎಂಬತ್ತರ ತಲೆಭಾಗಗಳನ್ನೂ ಬಿಚ್ಚಿ ದಡಕ್ಕೆ ತರಬೇಕಾಯಿತು.

2008ರ ಫೆಬ್ರುವರಿ 12ರ ಬೆಳಿಗ್ಗೆ ಅಲ್ಲಿ ತೆಗೆದ ಒಂದು ಫೋಟೊ ಇದೆ. ಗಾಳಿಯಲ್ಲಿ ತೇವ ತುಂಬಿತ್ತು. ಮುಂದಿನ ಸಾಲಿನ ರೆಕ್ಕೆಗಳು ಕಲಕಿದ ಕೂಡಲೇ ಅದು ಮಂಜಾಯಿತು. ಪ್ರತಿ ಯಂತ್ರದ ಹಿಂದೆ ಬಿಳಿಯ ಬಾಲ ಮೂಡಿ, ಅಗಲವಾಗುತ್ತಾ ಮುಂದಿನ ಯಂತ್ರವನ್ನು ಮುಚ್ಚಿ, ಕೊನೆಯ ಸಾಲಿನ ಹೊತ್ತಿಗೆ ಎಲ್ಲ ಒಂದಾಗಿ ಹರಡಿಕೊಂಡಿದ್ದವು. ಲೆಕ್ಕದಲ್ಲಿ ಮಾತ್ರ ಇದ್ದ ನೆರಳು ಅವತ್ತು ಕಣ್ಣಿಗೆ ಕಂಡಿತು. ದೊಡ್ಡ ತೋಟಗಳ ಒಳಸಾಲುಗಳಲ್ಲಿ ನಷ್ಟ ಹಳೆಯ ಅಂದಾಜಿಗಿಂತ ಜಾಸ್ತಿ ಅನ್ನುವುದು ಅಳತೆಗಳಿಂದ ಗೊತ್ತಾಗಿತ್ತು. ಸೂತ್ರಗಳನ್ನು ಮತ್ತೆ ತಿದ್ದಬೇಕಾಗಿತ್ತು.

ರಿಸೊ 2007ರಲ್ಲಿ ಡೆನ್ಮಾರ್ಕ್ ತಾಂತ್ರಿಕ ವಿಶ್ವವಿದ್ಯಾಲಯದ ಭಾಗವಾಯಿತು. 2019ರ ಹೊತ್ತಿಗೆ ದೇಶದ ವಿದ್ಯುತ್ ಬಳಕೆಯ ಶೇ. 47ರಷ್ಟು ಗಾಳಿಯಿಂದ ಬರುತ್ತಿತ್ತು. ಯಂತ್ರಗಳು ರಿಸೊ ಅಂಗಳದಲ್ಲಿ ಹಿಡಿಸದಷ್ಟು ಬೆಳೆದವು. 2002ರಲ್ಲಿ ಪಶ್ಚಿಮ ಕರಾವಳಿಯ ಹೋವ್ಸೋರೆಯಲ್ಲಿ ದೊಡ್ಡ ಪರೀಕ್ಷಾ ಜಾಗ ಬಂತು. ಅದೂ ಸಾಲದೆ 2012ರಲ್ಲಿ ಓಸ್ಟರಿಲ್ಡ್ ಬಂತು. ಅದಕ್ಕಾಗಿ ನೆಡುತೋಪಿನ ಮರ ಕಡಿಯಬೇಕಾಗಿ ಬಂದಾಗ ಸ್ಥಳೀಯರು ಗಟ್ಟಿಯಾಗಿ ವಿರೋಧಿಸಿದರು. ಆ ವಿರೋಧದಲ್ಲಿ ನ್ಯಾಯವಿತ್ತು. ಕಳೆದುಹೋದ ಮನೆ, ಮರಗಳ ಲೆಕ್ಕ ಯಾವ ಗೆರೆಯಲ್ಲೂ ಮೂಡುವುದಿಲ್ಲ.

ಓಸ್ಟರಿಲ್ಡ್‌ನ ಎರಡು ತುದಿಗಳಲ್ಲಿ 250 ಮೀಟರ್ ಎತ್ತರದ ಎರಡು ಕಂಬಗಳಿವೆ. ವಿಮಾನಗಳಿಗೆ ಕಾಣಲೆಂದು ನಿಲ್ಲಿಸಿದ ದೀಪದ ಕಂಬಗಳು ಅವು. ಸಂಶೋಧಕರು ಅವುಗಳ ಉದ್ದಕ್ಕೂ ಗಾಳಿಮಾಪಕಗಳನ್ನು ಕಟ್ಟಿದ್ದಾರೆ.